ಸುಮ್ಮನಿರುವುದನ್ನು ಮರೆತ ಕೋಶಗಳು

ಫಾರ್ಮಾಲಿನ್ ತುಂಬಿದ ಪುಟ್ಟ ಬಾಟಲಿಯ ತಳದಲ್ಲಿ ಜೋಳದ ನುಚ್ಚಿನಷ್ಟು ಗಾತ್ರದ ನಾಲ್ಕೈದು ಬಿಳಿ ಚೂರುಗಳು: ದೊಡ್ಡ ಕರುಳಿನ ಬಯಾಪ್ಸಿ ನನ್ನ ಮೇಜಿಗೆ ಬರುವುದು ಹೀಗೆ. ಅವನ್ನು ಮೇಣದಲ್ಲಿ ಹುದುಗಿಸಿ, ತೆಳುವಾಗಿ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಆರೋಗ್ಯವಂತರ ಕರುಳಿನ ಗ್ರಂಥಿಗಳು ಸ್ಟ್ಯಾಂಡಿನಲ್ಲಿ ಜೋಡಿಸಿದ ಪ್ರನಾಳಗಳಂತೆ ನೆಟ್ಟಗೆ ನಿಂತಿರುತ್ತವೆ. ಕಳೆದ ವರ್ಷ ಬಂದ ಒಬ್ಬ ಯುವಕನ ಸ್ಲೈಡಿನಲ್ಲಿ ಅವು ಸೊಟ್ಟಗಾಗಿ ಕವಲೊಡೆದಿದ್ದವು. ಬುಡದಲ್ಲಿ, ಪ್ರತಿಕಾಯಗಳನ್ನು ತಯಾರಿಸುವ ಪ್ಲಾಸ್ಮಾ ಕೋಶಗಳು ಕಿಕ್ಕಿರಿದಿದ್ದವು. ಕೆಲವು ಗ್ರಂಥಿಗಳ ಒಳಗೆ, ಉರಿಯೂತದ ಕಡೆಗೆ ಧಾವಿಸುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ಕೀವಾಗಿ ತುಂಬಿಕೊಂಡಿದ್ದವು. ಅದು ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಮೈಯಲ್ಲಿ ಹುಣ್ಣುಗಳಾಗುವ ದೀರ್ಘಕಾಲದ ಉರಿಯೂತ.

ವರದಿ ಒಯ್ಯಲು ಬಂದಿದ್ದ ಅವನ ತಾಯಿ, "ಮಗನಿಗೆ ರೋಗ ತಡೆಯೋ ಶಕ್ತಿ ಕಡಿಮೆ ಇದೆಯಾ ಡಾಕ್ಟ್ರೇ? ದಿನಾ ಕಷಾಯ ಕೊಡ್ತಾ ಇದೀನಿ" ಎಂದರು. "ಕಡಿಮೆ ಅಲ್ಲಮ್ಮ" ಎಂದಷ್ಟೇ ಹೇಳಲು ನನಗಾಯಿತು. ನಿಂತ ನಿಲುವಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕರುಳಿನ ಒಳಮೈಯನ್ನು ಹೊದ್ದಿರುವುದು ಒಂದೇ ಕೋಶದಷ್ಟು ದಪ್ಪದ, ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುವ ಪದರ. ಅದರ ಆಚೆ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾಗಳಿದ್ದರೆ, ಈಚೆ ದೇಹದ ಬೇರಾವ ಅಂಗದಲ್ಲೂ ಇಲ್ಲದಷ್ಟು ರೋಗನಿರೋಧಕ ಕೋಶಗಳು ಆರೋಗ್ಯದ ದಿನಗಳಲ್ಲೂ ನೆಲೆಸಿರುತ್ತವೆ. ಅವುಗಳಲ್ಲಿ ನನ್ನನ್ನು ಬಹಳ ಸೆಳೆದಿರುವುದು ಮ್ಯಾಕ್ರೋಫೇಜ್. ರಕ್ತದಿಂದ ಮಾನೋಸೈಟ್ ರೂಪದಲ್ಲಿ ಬರುವ ಈ ಕೋಶ, ಕರುಳಿನಲ್ಲಿ ಕೆಲವು ದಿನ ಪಳಗಿದ ಮೇಲೆ ಒಂದು ವಿಶೇಷ ಸ್ವಭಾವವನ್ನು ಪಡೆಯುತ್ತದೆ. ಪದರ ದಾಟಿ ಬಂದ ಬ್ಯಾಕ್ಟೀರಿಯಾವನ್ನು ನುಂಗುವುದೂ ಉಂಟು, ಕೊಲ್ಲುವುದೂ ಉಂಟು. ಇತರ ಕೋಶಗಳನ್ನು ಜಗಳಕ್ಕೆ ಕೂಗಿ ಕರೆಯುವುದು ಮಾತ್ರ ಇಲ್ಲ.

ಈ ಸಂಯಮದ ಹಿಂದೆ ಇಂಟರ್‌ಲ್ಯೂಕಿನ್-10 ಎಂಬ ಸಂಕೇತವಿದೆ. ಅದನ್ನು ತಯಾರಿಸುವ ಜೀನ್ ಇಲ್ಲದ ಇಲಿಗಳಿಗೆ ತಾನಾಗಿಯೇ ಕರುಳಿನ ಉರಿಯೂತ ಬರುತ್ತದೆಂದು 1993ರಲ್ಲಿ ಜರ್ಮನಿಯ ವಿಜ್ಞಾನಿಗಳು ತೋರಿಸಿದರು. ಸೂಕ್ಷ್ಮಜೀವಿಗಳೇ ಇಲ್ಲದ ವಾತಾವರಣದಲ್ಲಿ ಬೆಳೆದ ಅಂಥವೇ ಇಲಿಗಳಿಗೆ ಅದು ಬರಲಿಲ್ಲ ಎಂಬುದು ಆಮೇಲೆ ತಿಳಿಯಿತು. 2009ರಲ್ಲಿ, ಹುಟ್ಟಿದ ಮೊದಲ ವರ್ಷದಲ್ಲೇ ತೀವ್ರ ಕೊಲೈಟಿಸ್‌ಗೆ ತುತ್ತಾದ ಮಕ್ಕಳಲ್ಲಿ ಈ ಸಂಕೇತವನ್ನು ಗ್ರಹಿಸುವ ರಿಸೆಪ್ಟರಿನ ಜೀನ್ ಕೆಟ್ಟಿರುವುದು ಪತ್ತೆಯಾಯಿತು. ಅವರಲ್ಲೊಂದು ಮಗು ಬೇರೊಬ್ಬರ ರಕ್ತದ ಮೂಲಕೋಶಗಳ ಕಸಿಯಿಂದ ಚೇತರಿಸಿಕೊಂಡಿತು. ಕರುಳು ಹಳೆಯದೇ, ಅದರೊಳಗಿನ ರೋಗನಿರೋಧಕ ಕೋಶಗಳಷ್ಟೇ ಹೊಸವು. ನಾನು ಓದಿದ ಸಂಗತಿಗಳಲ್ಲಿ ಇದರಷ್ಟು ನನ್ನ ಮನಸ್ಸು ಹಿಡಿದದ್ದು ಕಡಿಮೆ.

ಬಹುಪಾಲು ರೋಗಿಗಳಲ್ಲಿ ಇಷ್ಟು ಸ್ಪಷ್ಟವಾದ ಒಂದೇ ಕಾರಣವಿರುವುದಿಲ್ಲ. ಆದರೆ ಅವರ ಕರುಳಿಗೂ ಹೊಸ ಮಾನೋಸೈಟ್‌ಗಳು ದಂಡಾಗಿ ಬಂದು, ಪಳಗದೆ ಉಳಿದು, ಟಿಎನ್ಎಫ್, ಇಂಟರ್‌ಲ್ಯೂಕಿನ್-23 ಮುಂತಾದ ಸಂಕೇತಗಳನ್ನು ಸುರಿಸುತ್ತವೆ. ಆ ಕರೆಗೆ ಟಿ ಕೋಶಗಳು ಕೆರಳುತ್ತವೆ, ನ್ಯೂಟ್ರೋಫಿಲ್‌ಗಳು ಗ್ರಂಥಿಯೊಳಕ್ಕೆ ನುಗ್ಗುತ್ತವೆ. ಹಾಗಾಗಿ ಶಕ್ತಿ ಹೆಚ್ಚಿಸುತ್ತೇವೆಂದು ಮಾರುವ ಪುಡಿಗಳನ್ನು ಈ ರೋಗಿಗಳಿಗೆ ಕೊಡುವುದು ಕಂಡರೆ ನನಗೆ ಸಂಕಟವಾಗುತ್ತದೆ.

ಆದರೂ ಟಿಎನ್ಎಫ್ ಬರೀ ಶತ್ರುವಲ್ಲ. ಕ್ಷಯದ ರೋಗಾಣುವನ್ನು ಗ್ರಾನ್ಯುಲೋಮಾದೊಳಗೆ, ಅಂದರೆ ರೋಗನಿರೋಧಕ ಕೋಶಗಳು ಒತ್ತಾಗಿ ಸೇರಿ ಆದ ಗಂಟಿನೊಳಗೆ, ಕಟ್ಟಿಹಾಕಲು ಅದು ಬೇಕೇ ಬೇಕು. ಕರುಳಿನ ಇನ್ನೊಂದು ದೀರ್ಘಕಾಲದ ಉರಿಯೂತವಾದ ಕ್ರೋನ್ಸ್ ಕಾಯಿಲೆಗೆ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧ ಇನ್‌ಫ್ಲಿಕ್ಸಿಮ್ಯಾಬ್ ಟಿಎನ್ಎಫ್ ಅನ್ನು ತಡೆಯುವುದರಿಂದ, ಅದನ್ನು ಕೊಡುವ ಮೊದಲು ದೇಹದಲ್ಲಿ ಅಡಗಿರುವ ಕ್ಷಯಕ್ಕಾಗಿ ಹುಡುಕಲೇಬೇಕು. ನಮ್ಮಲ್ಲಿ ಕಷ್ಟ ಇನ್ನೂ ಒಂದು ಹೆಜ್ಜೆ ಹಿಂದೆಯೇ ಶುರುವಾಗುತ್ತದೆ: ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯೂ ಸ್ಲೈಡಿನಲ್ಲಿ ಗ್ರಾನ್ಯುಲೋಮಾವನ್ನೇ ತೋರಿಸುತ್ತವೆ, ಒಂದರ ಮದ್ದು ಇನ್ನೊಂದಕ್ಕೆ ವಿಷವಾಗಬಹುದು. ಗ್ರಾನ್ಯುಲೋಮಾಗಳು ದೊಡ್ಡವಾಗಿ ಒಂದಕ್ಕೊಂದು ಕೂಡಿಕೊಂಡಿದ್ದು, ನಡುವೆ ಕೊಳೆತಿದ್ದರೆ ಕ್ಷಯದ ಕಡೆ ವಾಲುತ್ತೇನೆ. ಚಿಕ್ಕದಾಗಿ ಒಂಟಿಯಾಗಿದ್ದರೆ ಪೆನ್ನು ಕೆಳಗಿಟ್ಟು, ಎಂಡೋಸ್ಕೋಪಿ ಮಾಡಿದವರಿಗೆ ಫೋನ್ ಮಾಡುತ್ತೇನೆ.

ಆ ಯುವಕನ ಎರಡನೆಯ ಬಯಾಪ್ಸಿ ಕಳೆದ ವಾರ ಬಂತು. ಚಿಕಿತ್ಸೆಯಿಂದ ರಕ್ತಭೇದಿ ನಿಂತಿದೆಯೆಂದು ಜೊತೆಯ ಚೀಟಿಯಲ್ಲಿತ್ತು. ಗ್ರಂಥಿಗಳ ಸೊಟ್ಟು ಹಾಗೆಯೇ ಇದೆ, ಬುಡದ ಪ್ಲಾಸ್ಮಾ ಕೋಶಗಳು ವಿರಳವಾಗಿವೆ. ನ್ಯೂಟ್ರೋಫಿಲ್‌ಗಾಗಿ ಪ್ರತಿ ಚೂರನ್ನೂ ಅಂಚಿನಿಂದ ಅಂಚಿಗೆ ಎರಡು ಸಲ ಹುಡುಕಿದೆ. ಒಂದೂ ಸಿಗಲಿಲ್ಲ.