ಪಟದ ಹಿಂದಿನ ಬಿರಡೆ

ತೀರ್ಥಹಳ್ಳಿ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಜಯಂತಿಗಳ ಜವಾಬ್ದಾರಿ ಕನ್ನಡ ಮೇಷ್ಟ್ರದು. ಅದಕ್ಕೆಂದೇ ಅವರ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ಕಿತ್ತು. ಹುಟ್ಟಿದ ದಿನ, ಹುಟ್ಟಿದ ಊರು, ತೀರಿಕೊಂಡ ದಿನ, ಮಕ್ಕಳಿಂದ ಓದಿಸಬೇಕಾದ ಪುಟ: ನಾಲ್ಕು ಕಾಲಂ. ಬಸವ ಜಯಂತಿ, ವಾಲ್ಮೀಕಿ ಜಯಂತಿಗಳು ತಿಥಿಯ ಮೇಲೆ ಬರುವುದರಿಂದ ಅವನ್ನು ಮಾತ್ರ ಪೆನ್ಸಿಲಿನಲ್ಲಿ ಬರೆದು, ಪ್ರತಿವರ್ಷ ಪಂಚಾಂಗ ನೋಡಿ ತಿದ್ದುತ್ತಿದ್ದರು.

ಊರಿನ ಕಾಲಂ ಬಹಳ ಮುಖ್ಯ. ಕುವೆಂಪು ಹುಟ್ಟಿದ್ದು ಕುಪ್ಪಳಿಯಲ್ಲಿ ಎಂದು ಭಾಷಣಕಾರರು ಈಗಲೂ ಹೇಳಿಬಿಡುತ್ತಾರೆ. 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ; ಕುಪ್ಪಳಿ ಬೆಳೆದ ಮನೆ. ಬ್ಯಾನರಿನವರು ಎಡವುವುದು ಲೆಕ್ಕದಲ್ಲಿ. 2004ರ ಡಿಸೆಂಬರ್ 29ಕ್ಕೆ ನೂರು ವರ್ಷ ತುಂಬಿ ನೂರಾ ಒಂದನೆಯದು ಶುರುವಾಯಿತು. ಆದ್ದರಿಂದ ‘ಇಷ್ಟನೆಯ’ ಎನ್ನುವ ಬದಲು ‘ಇಷ್ಟು ತುಂಬಿದ’ ಎಂದು ಬರೆದರೆ ಗೊಂದಲವಿಲ್ಲ.

ಪಟದ ಮೇಲಂತೂ ಮೇಷ್ಟ್ರಿಗೆ ಜೀವ. ನಮ್ಮ ಮಳೆಗಾಲದಲ್ಲಿ ಗೋಡೆಯ ತೇವ ಹಿಂಬದಿಯ ರಟ್ಟಿಗೆ ಹತ್ತಿ, ಬೂಷ್ಟು ಹಿಡಿದು, ಫೋಟೊ ಗಾಜಿಗೇ ಅಂಟಿಕೊಳ್ಳುತ್ತದೆ. ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ. ಅದಕ್ಕೇ ಗಾಜಿಗೂ ಫೋಟೊಗೂ ನಡುವೆ ಸುತ್ತಲೂ ದಪ್ಪ ರಟ್ಟಿನ ಅಂಚು. ಚೌಕಟ್ಟಿನ ಹಿಂದೆ, ಕೆಳಗಿನ ಎರಡು ಮೂಲೆಗಳಿಗೆ ಬಾಟಲಿ ಬಿರಡೆಯಿಂದ ಕೊಯ್ದ ಎರಡು ಬಿಲ್ಲೆ. ಬೆರಳಗಲ ಗಾಳಿಯಾಡಿದರೆ ಸಾಕು. ಸೇವಂತಿಗೆ ಹಾರದ ನೀರನ್ನು ಕೊಡವಿಯೇ ಹಾಕಬೇಕು, ಸಂಜೆಗೆ ತೆಗೆಯಲೇಬೇಕು. ಕುಂಕುಮ ಇಡುವುದಾದರೆ ಚೌಕಟ್ಟಿಗೆ, ಗಾಜಿಗಲ್ಲ.

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಜನ್ಮದಿನ ಮಾರ್ಚ್ 14, ಪರೀಕ್ಷೆಯ ಹೊತ್ತು. ಹಾಗಾಗಿ ಅವರು ತೀರಿಕೊಂಡ ಜೂನ್ 9ಕ್ಕೆ ಸ್ಮರಣೆ. ಮಳೆ ಹಿಡಿದರೆ ಕರೆಂಟಿಲ್ಲ, ಹೆಂಚಿನ ಸದ್ದಿನಲ್ಲಿ ಹಿಂದಿನ ಬೆಂಚಿಗೆ ಮಾತು ಮುಟ್ಟುವುದಿಲ್ಲ. ಹತ್ತೇ ನಿಮಿಷ, ಒಂದೇ ವಿಷಯ: 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರು ಏನು ಕೇಳಿದರು. ‘ಮಹಾನ್ ಚೇತನ’ದಂಥ ಮಾತಿಗೆ ಅಲ್ಲಿ ಜಾಗವಿರಲಿಲ್ಲ. ಇರಬಾರದು ಕೂಡ, ಯಾರಿಗಾದರೂ ಒಪ್ಪುವ ಹೊಗಳಿಕೆಯಿಂದ ಗೋಪಾಲಗೌಡರು ಗೊತ್ತಾಗುವುದಿಲ್ಲ.

ಪರೀಕ್ಷೆಯಿದ್ದರೂ ಮಾರ್ಚಿನಲ್ಲಿ ಒಂದನ್ನು ಮಾತ್ರ ಬಿಡುತ್ತಿರಲಿಲ್ಲ. ಪ್ರಾರ್ಥನೆಗೆ ಎರಡು ನಿಮಿಷ ಸೇರಿಸಿ, 1943ರ ಮಾರ್ಚಿನಲ್ಲಿ ಗಲ್ಲಿಗೇರಿದ ಶಿಕಾರಿಪುರ ತಾಲ್ಲೂಕಿನ ಈಸೂರಿನ ಐವರ ಹೆಸರು ಓದಿಸುತ್ತಿದ್ದರು. ‘ಈಸೂರಿನ ಹುತಾತ್ಮರು’ ಎಂದು ಒಟ್ಟಿಗೆ ಹೇಳಿ ಮುಗಿಸುವಂತಿಲ್ಲ. ಒಂದೊಂದು ಹೆಸರಾದ ಮೇಲೂ ಒಂದು ಉಸಿರು ನಿಲ್ಲಿಸಿ: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ.