ಗಂಟು ಹೋಯಿತು, ಮಂಗಳ ತಿರುಗಿತು

ಅಪಿಯಾನುಸ್‌ನ ಹಳೇ ಖಗೋಳ ಪುಸ್ತಕದ ಕಾಗದದ ಚಕ್ರಗಳನ್ನು ಮನೆಯಲ್ಲೇ ಮಾಡುತ್ತಿದ್ದೇನೆ. ನಿನ್ನೆ ರಾತ್ರಿ ಅದರಲ್ಲಿ ಮಂಗಳ ಗ್ರಹದ ಕಿರುಚಕ್ರ (ದೊಡ್ಡ ಚಕ್ರದ ಮೇಲೆ ತಿರುಗುವ ಚಿಕ್ಕ ಚಕ್ರ) ಎಲ್ಲೂ ಹಿಡಿಯದೆ ಪೂರ್ತಿ ಒಂದು ಸುತ್ತು ಬಂತು. ಮೂರು ವಾರದಿಂದ ಇದಕ್ಕೇ ಒದ್ದಾಡುತ್ತಿದ್ದೆ. ಖುಷಿಗೆ ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ.

ಹೊಸಬರಿಗೆ ಎರಡು ಮಾತು. ಪೆಟ್ರುಸ್ ಅಪಿಯಾನುಸ್ (1495–1552) ಜರ್ಮನಿಯ ಇಂಗೋಲ್‌ಸ್ಟಾಟ್‌ನಲ್ಲಿ ಗಣಿತದ ಮೇಷ್ಟ್ರು. ಹುಟ್ಟುಹೆಸರು ಪೀಟರ್ ಬೀನೆವಿಟ್ಸ್. 'ಬೀನೆ' ಅಂದ್ರೆ ಜೇನುನೊಣ, ಲ್ಯಾಟಿನ್‌ನಲ್ಲಿ 'ಆಪಿಸ್', ಅದರಿಂದ ಅಪಿಯಾನುಸ್. 1540ರಲ್ಲಿ 'ಆಸ್ಟ್ರೊನಾಮಿಕುಮ್ ಸೀಸರೇಯುಮ್' ಪುಸ್ತಕವನ್ನು ಸ್ವಂತ ಮುದ್ರಣಾಲಯದಲ್ಲೇ ಅಚ್ಚು ಹಾಕಿದ. ಕಾಗದದ ಚಕ್ರ ತಿರುಗಿಸಿದರೆ ಸಾಕು, ಗ್ರಹ ಎಲ್ಲಿದೆ ಅಂತ ಗೊತ್ತಾಗುತ್ತದೆ. ಭೂಮಿಯನ್ನು ನಡುವೆ ಇಟ್ಟ ಲೆಕ್ಕ ಅದು. ಮೂರೇ ವರ್ಷಕ್ಕೆ ಸೂರ್ಯನನ್ನು ನಡುವೆ ಇಟ್ಟ ಕೊಪರ್ನಿಕಸ್‌ನ ಪುಸ್ತಕ ಬಂತು. ಆದರೂ ಆ ಕೈಕೆಲಸಕ್ಕೆ ನಾನು ಮನಸೋತಿದ್ದೇನೆ.

ಪ್ರಿಂಟು, ಕಟಿಂಗ್ ನಿಮಗೆ ಗೊತ್ತಿರುವುದೇ. ಕಾಟ ಕೊಟ್ಟಿದ್ದು ಕಿರುಚಕ್ರ. ಅದರ ನಡು ದೊಡ್ಡ ಚಕ್ರದ ಮೇಲೆ ಕೂತು, ಅದರ ಜೊತೆಗೇ ಸುತ್ತಬೇಕು. ದಾರ ಪೋಣಿಸಿ ಹಿಂದೆ ಗಂಟು ಹಾಕಿದ್ದೆ. ಗಂಟು ಕೆಳಗಿನ ಹಾಳೆಯನ್ನು ಕೆರೆದು ರಾಶಿಗಳ ಗೆರೆ ಅಳಿಸಿತು. ದಾರ ತೂತನ್ನು ಕೊಯ್ದು ದೊಡ್ಡದು ಮಾಡಿತು. 10 ಸೆಂ.ಮೀ. ತ್ರಿಜ್ಯದ ಅಂಚಿನಲ್ಲಿ ಒಂದು ಡಿಗ್ರಿ ಅಂದ್ರೆ ಸುಮಾರು 1.75 ಮಿ.ಮೀ. ಅಷ್ಟೇ. ನಡು ಅರ್ಧ ಮಿ.ಮೀ. ಜರುಗಿದರೂ ಕಾಲು ಡಿಗ್ರಿಗಿಂತ ಜಾಸ್ತಿ ತಪ್ಪು! ಮೂರು ಚಕ್ರದ ತಪ್ಪು ಸೇರಿದರೆ ಗ್ರಹದ ಜಾಗ ಓದಿ ಏನು ಪ್ರಯೋಜನ?

ಕೊನೆಗೆ ಹೊಳೆಯಿತು. ದೊಡ್ಡ ಚಕ್ರಕ್ಕೆ ತೂತೇ ಬೇಡ. ಅದರ ಮೇಲೆ 12 ಮಿ.ಮೀ. ಅಗಲದ ಕಾಗದದ ಬಿಲ್ಲೆ ಅಂಟಿಸಿದೆ. ಅದೇ ಬುಶ್, ಅಂದ್ರೆ ಕಿರುಚಕ್ರ ಸುತ್ತುವ ಗೂಟ. ಕಿರುಚಕ್ರದಲ್ಲಿ ಅದೇ ಅಳತೆಯ ತೂತು, ಮೇಲೆ 18 ಮಿ.ಮೀ. ಟೋಪಿ. ಬಿಲ್ಲೆ ಚಕ್ರಕ್ಕಿಂತ ಕೂದಲೆಳೆಯಷ್ಟು ದಪ್ಪ ಇರಬೇಕು, ಇಲ್ಲದಿದ್ದರೆ ಟೋಪಿ ಚಕ್ರವನ್ನು ಒತ್ತಿಹಿಡಿಯುತ್ತದೆ. ಅದಕ್ಕೇ ಒಂದು ಪದರ ಟ್ರೇಸಿಂಗ್ ಪೇಪರ್ ಸೇರಿಸಿದೆ. ಅಂಟು ನಡುವೆ ಮಾತ್ರ, ಅಕ್ಕಿಕಾಳಿನಷ್ಟು. ಅಂಚಿಗೆ ಹರಿದರೆ ಕಥೆ ಮುಗೀತು.

ಈ ಲೆಕ್ಕ ಮೊದಲ ವಾರವೇ ಕೂಡಿಬರುತ್ತಿತ್ತೇನೋ. ಆದರೆ 220 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಕಾಗದ ಕೇಳಿದರೆ ಅಂಗಡಿಯವರು ಎರಡು ಸಲವೂ 300 ಕಳಿಸಿದರು. 'ದಪ್ಪ ಇದ್ರೆ ಒಳ್ಳೇದಲ್ವಾ ಸಾರ್' ಅಂತ ಬೇರೆ!

ಬಾಕಿ ಇರುವುದು ಗ್ರಹದ ಜಾಗ ತೋರಿಸುವ ದಾರದ ಮುಳ್ಳುಗಳು. ಮೂಲದಲ್ಲಿ ರೇಷ್ಮೆ ದಾರ, ಪುಟ್ಟ ಮುತ್ತು. ನಾನು ಸೀರೆ ಕುಚ್ಚಿನ ಮಣಿ ಹಾಕುತ್ತೇನೆ.

ಆಮೇಲೆ ಅವನದೇ 1533ರ 'ಫೋಲಿಯುಮ್ ಪೊಪುಲಿ'. ಎಲೆಯಾಕಾರದ ಬಿಸಿಲು ಗಡಿಯಾರ, ನೋಡಿದರೆ ನಮ್ಮ ಅಶ್ವತ್ಥದ ಎಲೆಯೇ ನೆನಪಾಗುತ್ತದೆ. ಮೇ ತಿಂಗಳಲ್ಲಿ ಮೈಸೂರಿನ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಇಂಗೋಲ್‌ಸ್ಟಾಟ್‌ನಲ್ಲಿ ಹಾಗೆ ಆಗುವುದೇ ಇಲ್ಲ. ಆಗ ಆ ಎಲೆ ಎಷ್ಟು ಗಂಟೆ ತೋರಿಸುತ್ತದೆ ಅಂತ ನೋಡಬೇಕು. ರಟ್ಟು ಆಗಲೇ ಕತ್ತರಿಸಿಟ್ಟಿದ್ದೇನೆ.