ಹದಿನಾರು ದಿನ ಮೇ 21

ನಮ್ಮೂರ ಅಂಚೆ ಕಚೇರಿ ಇರುವುದು ನಮ್ಮ ಮನೆ ಜಗಲಿ ಪಕ್ಕದ ಕೋಣೆಯಲ್ಲಿ. ಒಂದು ಮೇಜು, ಕಬ್ಬಿಣದ ಪೆಟ್ಟಿಗೆ, ತಕ್ಕಡಿ, ಠಸ್ಸೆ, ಹೊರಗಡೆ ಗೋಡೆಗೆ ಕೆಂಪು ಡಬ್ಬಿ. ನಾನು ಇಲ್ಲಿನ ಬಿ.ಪಿ.ಎಂ., ಅಂದರೆ ಹಳ್ಳಿ ಶಾಖೆಯ ಪೋಸ್ಟ್‌ಮಾಸ್ಟರ್. ಬಿ.ಪಿ.ಎಂ. ಆಗಬೇಕಾದರೆ ಕಚೇರಿಗೆ ಜಾಗ ನಾವೇ ಒದಗಿಸಬೇಕು, ಅದು ನಿಯಮ. ಜೀವನಕ್ಕೆ ಬೇರೆ ಆದಾಯ ಇರಬೇಕು ಅನ್ನುವುದೂ ನಿಯಮವೇ. ಅಂದರೆ ಈ ಕೆಲಸದಿಂದ ಹೊಟ್ಟೆ ತುಂಬುವುದಿಲ್ಲ ಅಂತ ಮೊದಲೇ ಒಪ್ಪಿಕೊಂಡು ಕೊಟ್ಟ ಕೆಲಸ ಇದು.

ನನಗಿಂತ ಮೊದಲು ಇದೇ ಕೋಣೆಯಲ್ಲಿ ಮಾವನವರು 34 ವರ್ಷ ಕೂತಿದ್ದರು. ಆಗ ನಮ್ಮವರನ್ನು ಇ.ಡಿ. ನೌಕರರು ಅನ್ನುತ್ತಿದ್ದರು. ಇಲಾಖೆಗೆ ಹೊರತಾದವರು ಅಂತ ಅರ್ಥ. ಇವರದ್ದೂ ಸರ್ಕಾರಿ ಹುದ್ದೆಯೇ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಾವನವರು ಆ ತೀರ್ಪಿನ ಸುದ್ದಿ ಬಂದ ಪೇಪರಿನ ತುಂಡನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದರು. ಪಿಂಚಣಿ ಮಾತ್ರ ಬರಲಿಲ್ಲ. ಆಮೇಲೆ ಹೆಸರು ಬದಲಾಗಿ ನಾವು ಗ್ರಾಮೀಣ ಡಾಕ್ ಸೇವಕರಾದೆವು.

2018ರ ಮೇ 22ರ ಬೆಳಿಗ್ಗೆ ನಾನು ಆ ಕೋಣೆಯ ಬೀಗ ತೆಗೆಯಲಿಲ್ಲ. ದೇಶದಲ್ಲಿ ನಮ್ಮಂಥವರು ಎರಡೂವರೆ ಲಕ್ಷಕ್ಕೂ ಜಾಸ್ತಿ ಇದ್ದೇವೆ. ನಮ್ಮ ಸಂಘಗಳು ಅನಿರ್ದಿಷ್ಟ ಮುಷ್ಕರಕ್ಕೆ ಕರೆ ಕೊಟ್ಟಿದ್ದವು. ಕಾರಣ ದೊಡ್ಡ ಗುಟ್ಟೇನಲ್ಲ. ಏಳನೇ ವೇತನ ಆಯೋಗದ ಸಂಬಳ ಕಾಯಂ ನೌಕರರಿಗೆ 2016ರಲ್ಲೇ ಬಂತು. ನಮಗೆ ಅಂತ ಬೇರೆ ಒಂದು ಸಮಿತಿ ಮಾಡಿದರು. ಕಮಲೇಶ್ ಚಂದ್ರ ಸಮಿತಿ ಅದೇ ವರ್ಷ ನವೆಂಬರಿನಲ್ಲಿ ವರದಿ ಕೊಟ್ಟಿತು. ಅಲ್ಲಿಂದ ಒಂದೂವರೆ ವರ್ಷ ಕಾದೆವು. ಆಗ ನನ್ನ ಕೈಗೆ ಬರುತ್ತಿದ್ದದ್ದು ತಿಂಗಳಿಗೆ ಏಳು ಸಾವಿರದ ಆಸುಪಾಸು.

ಮಾರನೇ ದಿನ ಬೆಂಗಳೂರಿನಲ್ಲಿ ಹೊಸ ಮುಖ್ಯಮಂತ್ರಿಯ ಪ್ರಮಾಣವಚನ. ಟಿವಿಯಲ್ಲೆಲ್ಲ ಅದೇ. ನಾವು ಪೇಟೆಯ ದೊಡ್ಡ ಅಂಚೆ ಕಚೇರಿ ಮುಂದೆ ಶಾಮಿಯಾನ ಹಾಕಿ ಕೂತಿದ್ದು ಯಾವ ಚಾನೆಲ್‌ನಲ್ಲೂ ಕಾಣಲಿಲ್ಲ.

ನಾನು ಹೇಳಬೇಕು ಅಂತ ಕೂತಿರುವುದು ಎಂಟನೇ ದಿನದ ವಿಷಯ, ಮೇ 29. ಆವತ್ತು ಕರಾವಳಿಯಲ್ಲಿ ಭಾರಿ ಮಳೆ, ಮಂಗಳೂರಿನ ರಸ್ತೆಗಳಲ್ಲೆಲ್ಲ ನೀರು. ನಮ್ಮ ಕಡೆಗೂ ಗಾಳಿ ಮಳೆ ಜೋರಾಗಿತ್ತು. ಬಸ್ಸು ಬರಲಿಲ್ಲ. ನನ್ನ ತಮ್ಮ, ಬೈಕಿನಲ್ಲಿ ಬಿಟ್ಟು ಬರ್ತೀನಿ ಅಂದ. ಅವನು ಪಾರ್ಸೆಲ್ ಹಂಚುವ ಕೆಲಸದಲ್ಲಿದ್ದಾನೆ. ಬೆನ್ನಿಗೆ ಆ ದೊಡ್ಡ ಚೀಲ ಇತ್ತು. ಅವನ ಹಿಂದೆ ಕೂತ ನನಗೂ ಅವನಿಗೂ ನಡುವೆ ಯಾರ್ಯಾರದೋ ಪಾರ್ಸೆಲ್ಲು.

ಶಾಮಿಯಾನದ ಒಂದು ಮೂಲೆಯಲ್ಲಿ ನೀರು ತುಂಬಿ ಬಟ್ಟೆ ಹೊಟ್ಟೆ ಬಿಟ್ಟಿತ್ತು. ಯಾರೋ ಕೋಲಿನಿಂದ ಎತ್ತಿದರು, ದಬದಬ ಅಂತ ನೀರು ಬಿತ್ತು. ಕಾಯಂ ನೌಕರರು ಕೌಂಟರಿನಲ್ಲಿ ಕೆಲಸದ ಮೇಲಿದ್ದರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರೇ ಚಹಾ ಮತ್ತು ಮಂಡಕ್ಕಿ ತಂದುಕೊಟ್ಟು ನಮ್ಮ ಜೊತೆ ಕೂತರು. ಆ ಮಂಡಕ್ಕಿಗೆ ಈರುಳ್ಳಿ ಕಮ್ಮಿ, ಖಾರ ಜಾಸ್ತಿ. ಅದನ್ನು ನಾನು ಮರೆತಿಲ್ಲ.

ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು ಕೊಡೆ ಹಿಡಿದು ನಿಂತು ಕೇಳಿದರು. "ಅಲ್ಲಮ್ಮ, ಈಗ ಕೊರಿಯರ್ ಬಂದಿಲ್ವಾ? ನಷ್ಟದ ಇಲಾಖೆ. ಖಾಸಗಿಯವರಿಗೆ ಕೊಟ್ಟರೆ ನಿಮಗೂ ಒಳ್ಳೆ ಸಂಬಳ ಸಿಗುತ್ತೆ."

ನಾನು ಉತ್ತರ ಹೇಳುವ ಮೊದಲೇ ತಮ್ಮ ಹೇಳಿದ. "ಸರ್, ಆ ಕೊರಿಯರ್ ನಾನೇ. ಒಂದು ಪಾರ್ಸೆಲ್‌ಗೆ ಇಷ್ಟು ಅಂತ ದುಡ್ಡು. ಪೆಟ್ರೋಲ್ ನಂದು, ಬೈಕ್ ನಂದು, ಬಿದ್ದರೆ ಆಸ್ಪತ್ರೆ ಖರ್ಚೂ ನಂದೇ. ಪಾರ್ಸೆಲ್ ಹಂಚೋಕೆ ಇವರ ಊರಿಗೆ ನಾನು ಹೋಗಲ್ಲ. ಒಂಬತ್ತು ಕಿಲೋಮೀಟರ್ ಘಾಟಿ ಹತ್ತಿದರೆ ಒಂದೇ ಪಾರ್ಸೆಲ್ ಇರುತ್ತೆ, ನನಗೆ ಗಿಟ್ಟಲ್ಲ. ಕ್ರಾಸಿನ ಅಂಗಡಿಯಲ್ಲಿಟ್ಟು ಫೋನ್ ಮಾಡ್ತೀನಿ, ಬಂದು ತಗೊಂಡು ಹೋಗ್ತಾರೆ."

ಅವನು ಜಗಳಕ್ಕೆ ನಿಂತಿರಲಿಲ್ಲ, ಇದ್ದದ್ದನ್ನು ಹೇಳಿದ ಅಷ್ಟೇ. ಆ ಮನುಷ್ಯರೂ ಒಳ್ಳೆಯವರೇ. ಸ್ವಲ್ಪ ಹೊತ್ತು ನಿಂತು, "ಹಂಗಾ?" ಅಂದು ಹೋದರು.

ಚೀಲ ಏರಿಸಿಕೊಳ್ಳುತ್ತಾ ತಮ್ಮ ನನಗೆ ಅಂದ, "ಅಕ್ಕ, ನಿಮಗೆ ಕೂರೋಕೆ ಒಂದು ಶಾಮಿಯಾನನಾದ್ರೂ ಇದೆ. ನಾನು ನಾಳೆ ಹೋಗಲ್ಲ ಅಂದರೆ ಆ್ಯಪ್‌ನಲ್ಲಿ ನನ್ನ ಹೆಸರೇ ಇರಲ್ಲ."

ಆವತ್ತು ಮಧ್ಯಾಹ್ನವೆಲ್ಲ ನಾನು ಅದನ್ನೇ ಯೋಚಿಸಿದೆ. ಖಾಸಗೀಕರಣ ಅಂದರೆ ಒಂದು ದಿನ ಯಾವುದೋ ಕಂಪನಿ ಬಂದು ಬೋರ್ಡು ಬದಲಿಸುವುದು ಅಂತ ಅಂದುಕೊಂಡಿದ್ದೆ. ಆದರೆ ಜಾಗ ನಮ್ಮದು, ಕರೆಂಟು ನಮ್ಮದು, ಹೊತ್ತಿನ ಲೆಕ್ಕದಲ್ಲಿ ದುಡ್ಡು, ಪಿಂಚಣಿ ಇಲ್ಲ. ನನ್ನ ಕೆಲಸಕ್ಕೂ ತಮ್ಮನ ಕೆಲಸಕ್ಕೂ ಎಷ್ಟು ದೂರ? ಸರ್ಕಾರವೇ ನಡೆಸುವಾಗ ಹೀಗೆ ಅಂದರೆ, ಲಾಭಕ್ಕೆ ನಡೆಸುವವರ ಕೈಗೆ ಹೋದರೆ ಈ ಕೋಣೆ ಉಳಿಯುತ್ತದಾ? ಹಳ್ಳಿಯಲ್ಲಿ ಹೊಸ ಶಾಖೆ ತೆರೆಯುವಾಗ ಖರ್ಚಿನ ಮೂರನೇ ಒಂದು ಭಾಗ ಆದಾಯ ಬಂದರೆ ಸಾಕು, ಗುಡ್ಡಗಾಡಿನಲ್ಲಿ ನೂರಕ್ಕೆ ಹದಿನೈದು ಬಂದರೂ ಸಾಕು ಅಂತ ಇಲಾಖೆಯ ನಿಯಮವೇ ಇದೆ. ಆ ನಿಯಮ ಬರೆದವರಿಗೆ ಗೊತ್ತಿತ್ತು, ಅಂಚೆ ಕಚೇರಿ ಅಂಗಡಿ ಅಲ್ಲ ಅಂತ. ಅದನ್ನು ನಷ್ಟ ಅಂತ ಕರೆಯುವವರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಶಾಲೆ ನಷ್ಟದಲ್ಲಿದೆ ಅಂತ ಯಾರಾದರೂ ಹೇಳ್ತಾರಾ?

ಜೂನ್ 6ರಂದು ಕೇಂದ್ರ ಸಂಪುಟ ನಮ್ಮ ವೇತನ ಪರಿಷ್ಕರಣೆಗೆ ಒಪ್ಪಿತು, ಮುಷ್ಕರ ನಿಂತಿತು. ದಿನಕ್ಕೆ ನಾಲ್ಕು ಗಂಟೆ ಕೆಲಸದ ಬಿ.ಪಿ.ಎಂ.ಗೆ ತಿಂಗಳಿಗೆ 12,000 ಅಂತ ಆಯಿತು. ಸಮಿತಿ ಹೇಳಿದ್ದೆಲ್ಲ ಸಿಗಲಿಲ್ಲ. 12, 24, 36 ವರ್ಷ ಸೇವೆಯ ಇನ್ಕ್ರಿಮೆಂಟಿಗೆ ಆಮೇಲೂ ಬೀದಿಗೆ ಇಳಿಯಬೇಕಾಯಿತು.

ಮರುದಿನ ಬೀಗ ತೆಗೆದೆ. ಹದಿನಾರು ದಿನ ಮುಚ್ಚಿದ್ದ ಕೋಣೆ, ಮಲೆನಾಡಿನ ಮಳೆ ಬೇರೆ. ನಗದು ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿದಿತ್ತು. ಠಸ್ಸೆಯಲ್ಲಿ ಇನ್ನೂ ಮೇ 21 ಅಂತಲೇ ಇತ್ತು. ಆ ಸಣ್ಣ ಅಚ್ಚುಗಳನ್ನು ಚಿಮಟಿಯಲ್ಲಿ ತೆಗೆದು, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಹೊಸ ತಾರೀಖು ಕೂರಿಸಿದೆ. ಮಾವನವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬಿಳಿ ಕಾಗದದ ಮೇಲೆ ಒಂದು ಸಲ ಒತ್ತಿ ತೋರಿಸು ಅಂದರು. ಒತ್ತಿದೆ. ಹತ್ತಿರ ಹಿಡಿದು ನೋಡಿ, "ಸರಿಯಾಗಿದೆ" ಅಂದರು. ಹದಿನಾರು ದಿನದ ದುಡ್ಡು ಹೋಯಿತಲ್ಲ ಅಂತ ಒಂದು ಮಾತೂ ಆಡಲಿಲ್ಲ.

ಆಮೇಲೆ ಬಹಳ ಆಗಿದೆ. 2022ರ ಆಗಸ್ಟ್ 10ರಂದು ಖಾಸಗೀಕರಣ ಬೇಡ ಅಂತಲೇ ಒಂದು ದಿನದ ಮುಷ್ಕರ ಆಯಿತು. 2023ರ ಏಪ್ರಿಲ್‌ನಲ್ಲಿ ಅಂಚೆ ನೌಕರರ ಒಕ್ಕೂಟವಾದ ಎನ್‌ಎಫ್‌ಪಿಇಯ ಮಾನ್ಯತೆ ರದ್ದಾಯಿತು. ಸಂಘದ ದುಡ್ಡನ್ನು ರೈತರ ಹೋರಾಟಕ್ಕೆ ಕೊಟ್ಟರು ಅನ್ನುವುದೂ ಅದಕ್ಕೆ ಒಂದು ಕಾರಣ. ರೈತರಿಗೆ ದುಡ್ಡು ಕೊಡುವುದು ತಪ್ಪು ಅಂತ ನನಗಂತೂ ಅನ್ನಿಸುವುದಿಲ್ಲ. ಊರಲ್ಲಿ ನಮ್ಮ ಹತ್ತಿರ ಆರ್.ಡಿ. ಕಟ್ಟುವವರು ಅವರೇ ಅಲ್ವಾ? 1898ರ ಅಂಚೆ ಕಾಯ್ದೆ ಹೋಗಿ ಹೊಸ ಕಾಯ್ದೆ 2024ರ ಜೂನ್ 18ರಿಂದ ಜಾರಿಗೆ ಬಂತು. ಕಾಗದ ಸಾಗಿಸುವ ಹಕ್ಕು ಅಂಚೆಗೆ ಮಾತ್ರ ಅಂತ ಹಳೆಯದರಲ್ಲಿ ಇತ್ತು, ಹೊಸದರಲ್ಲಿ ಇಲ್ಲ. ಫ್ರಾಂಚೈಸಿ ಕೌಂಟರುಗಳೂ ಬಂದಿವೆ. ಅಲ್ಲಿ ಕೌಂಟರಿನ ಕೆಲಸ ಅಷ್ಟೇ. ಘಾಟಿ ಹತ್ತಿ ಹಂಚುವ ಕೆಲಸ ಮಾತ್ರ ನಮ್ಮ ಡಾಕ್ ಸೇವಕರದ್ದೇ.

ಹೋದ ತಿಂಗಳು ತಮ್ಮ ಮನೆಗೆ ಬಂದಿದ್ದ. ಜೊತೆಗೆ ಅವನಂಥ ಇನ್ನೂ ಮೂವರು ಹುಡುಗರು. ಊಟ ಆದ ಮೇಲೆ ಮೆಲ್ಲಗೆ ಕೇಳಿದ, "ಅಕ್ಕ, ನಿಮ್ಮ ಸಂಘದ್ದು ರಸೀದಿ ಪುಸ್ತಕ ಇರುತ್ತಲ್ಲ, ಅದರಲ್ಲಿ ಏನೇನು ಬರೆದಿರುತ್ತೆ?"

ಪೆಟ್ಟಿಗೆಯಿಂದ 2018ರ ಮುಷ್ಕರ ನಿಧಿಯ ಹಳೇ ಪುಸ್ತಕ ತೆಗೆದುಕೊಟ್ಟೆ. ಕೊನೆಯ ಆರು ಹಾಳೆ ಹಾಗೇ ಖಾಲಿ ಇದ್ದವು. ಹುಡುಗರು ಒಬ್ಬೊಬ್ಬರಾಗಿ ತಿರುವಿ ನೋಡಿದರು, ಒಬ್ಬ ಫೋಟೋ ತೆಗೆದುಕೊಂಡ.